ಅಜ್ಜಿಗೆ ಎರಡು ಹೊಸ ಹಲ್ಲು

ಜನವರಿ 30, ಸೋಮವಾರ

ಕೊನೆಗೂ ನಿರ್ದೇಶಕರು ಒಪ್ಪಿದರು. ಒಪ್ಪಿದ್ದು ಸಭೆ ಮುಗಿದು ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದಾಗ.

"ಮಾಡಿ. ಆದ್ರೆ ಆಸ್ಪತ್ರೆ ಒಂದು ಕ್ಷಣಾನೂ ನಿಲ್ಲಬಾರದು. ಕಾರ್ನಿವಲ್ ಶುಕ್ರವಾರ ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಆ ಕೋಣೇಲಿ ಯಾರೂ ಏನನ್ನೂ ಮುಟ್ಟೋ ಹಾಗಿಲ್ಲ."

ಕೆಲಸ ಹೇಳಲು ಸುಲಭ. ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಒಂದು ದೊಡ್ಡ ಲೋಹದ ಪೆಟ್ಟಿಗೆ ಇದೆ. ಅದರ ಮುಂಭಾಗದಲ್ಲಿ ಕಪಾಟಿನ ಪುಸ್ತಕಗಳಂತೆ ಎಂಟು ತೆಳುವಾದ ಸರ್ವರ್‌ಗಳು, ಅಂದರೆ ಬ್ಲೇಡ್‌ಗಳು, ಸಾಲಾಗಿ ನಿಂತಿವೆ. ಹಿಂಭಾಗದಲ್ಲಿ ಫ್ಯಾನ್‌ಗಳು, ಮತ್ತು ನೆಟ್‌ವರ್ಕ್ ಮಾಡ್ಯೂಲ್‌ಗಳಿಗೆಂದು ಬಿಟ್ಟ ನಾಲ್ಕು ಖಾನೆಗಳು. ಎರಡು ಖಾನೆ ತುಂಬಿವೆ. ಇನ್ನೆರಡಕ್ಕೆ ಬರಿಯ ತಗಡಿನ ಮುಚ್ಚಳ. ಆ ಎರಡರಲ್ಲಿ ಹೊಸ, ವೇಗದ ಮಾಡ್ಯೂಲ್‌ಗಳನ್ನು ಕೂರಿಸಬೇಕು. ನೋಂದಣಿ, ಔಷಧ, ರಕ್ತಪರೀಕ್ಷೆ, ಸ್ಕ್ಯಾನ್ ಚಿತ್ರ ಎಲ್ಲವೂ ಈ ಒಂದೇ ಪೆಟ್ಟಿಗೆಯಲ್ಲಿ ನಡೆಯುವುದರಿಂದ ಅದನ್ನು ಆರಿಸುವಂತಿಲ್ಲ. ಓಡುತ್ತಿರುವಾಗಲೇ ಆಗಬೇಕು. ಆಗುತ್ತದೆ ಎಂದು ತಯಾರಕರು ಬರೆದಿದ್ದಾರೆ. ನಾನು ಮೂರು ಬಾರಿ ಓದಿದ್ದೇನೆ.

ಏಕೆ ಆಗಬೇಕು ಎನ್ನುವುದನ್ನು ಡಾಕ್ಟರ್ ಮಿರ್ತಾ ಸಭೆಯಲ್ಲಿ ಹೇಳಿದರು. ಅವರು ಮೂರನೇ ಮಹಡಿಯ ಸ್ಕ್ಯಾನ್ ವಿಭಾಗದವರು. ಕಳೆದ ಕಾರ್ನಿವಲ್ ಶನಿವಾರ ಬ್ಯಾಂಡಿನ ತುತೂರಿಯವನೊಬ್ಬ ವೀಕ್ಷಕರ ಅಟ್ಟಣಿಗೆಯಿಂದ ಬಿದ್ದು ತಲೆಗೆ ಪೆಟ್ಟಾಗಿ ಬಂದಿದ್ದ. ಸ್ಕ್ಯಾನ್ ಆಯಿತು. ಚಿತ್ರಗಳು ಮಾತ್ರ ಕೆಳಗಿನ ತುರ್ತು ವಿಭಾಗಕ್ಕೆ ತಲುಪಲೇ ಇಲ್ಲ. ಹಳೆಯ ಮಾಡ್ಯೂಲ್‌ಗಳ ಇಕ್ಕಟ್ಟಿನಲ್ಲಿ ತೆವಳುತ್ತಿದ್ದವು. ಡಾಕ್ಟರ್ ಮಿರ್ತಾ ಅವನ್ನು ಡಿಸ್ಕಿಗೆ ತುಂಬಿ, ಕೈಯಲ್ಲಿ ಹಿಡಿದು, ಮೂರು ಮಹಡಿ ಓಡಿ ಇಳಿದರು.

"ಅವ್ನು ಉಳ್ಕೊಂಡ. ನನ್ನ ಮಂಡಿ ಉಳೀಲಿಲ್ಲ," ಎಂದರು. "ಇನ್ನೊಂದು ಮಂಡಿ ಇದೆಯಲ್ಲ ಅಂತ ಧೈರ್ಯ ಮಾಡ್ಬೇಡಿ ಸರ್. ಮುಂದಿನ ತುತೂರಿಯವನು ಅಷ್ಟು ಹೊತ್ತು ಕಾಯ್ತಾನೆ ಅಂತಾನೂ ಅಂದ್ಕೋಬೇಡಿ."

ಮೊದಲ ಮಾತಿಗೆ ಎಲ್ಲರೂ ನಕ್ಕರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಆಮೇಲೆಯೇ ನಿರ್ದೇಶಕರು ಕೋಟು ತೊಟ್ಟದ್ದು.

ಊಟ ನನ್ನ ಮೇಜಿನಲ್ಲೇ ಆಯಿತು, ಒಬ್ಬಳೇ. ಹೊರಗೆ ಆಲಿಕಲ್ಲು.

ಫೆಬ್ರವರಿ 3, ಶುಕ್ರವಾರ

ಖಾಲಿ ಖಾನೆಗಳನ್ನು ಪರೀಕ್ಷಿಸಿದೆ. ವಿದ್ಯುತ್ ವಿಭಾಗದ ಮುಖ್ಯಸ್ಥ ದೋನ್ ಗ್ವಾಲ್ಬೆರ್ತೊ ಜೊತೆಗಿರಬೇಕೆಂದು ನಿರ್ದೇಶಕರ ಆಜ್ಞೆ. ಅವರದು ಕೋಣೆಯ ಅರ್ಧ ತುಂಬುವ ದೇಹ, ಉಳಿದರ್ಧ ತುಂಬುವ ದನಿ. ಕಾರ್ನಿವಲ್ ಮೆರವಣಿಗೆಯಲ್ಲಿ ಮೊರೆನಾದ ಎಂಬ ಗಿಲಕಿ ಕುಣಿತ ಕುಣಿಯುತ್ತಾರೆ. ಕೈ ಖಾಲಿಯಿದ್ದಾಗಲೆಲ್ಲ ಇಲ್ಲದ ಗಿಲಕಿಯನ್ನು ತಿರುಗಿಸುತ್ತ ಹೆಜ್ಜೆ ಹಾಕುತ್ತಿರುತ್ತಾರೆ. ಸರ್ವರ್ ಕೋಣೆ ಅದಕ್ಕೆ ಸ್ಥಳವಲ್ಲ ಎಂದೆ. ನಿಂತಲ್ಲೇ ಭುಜ ಮಾತ್ರ ಕುಣಿಸಿದರು.

ಮೂರನೇ ಖಾನೆಯ ಮುಚ್ಚಳ ತೆಗೆದ ಕೂಡಲೇ ಫ್ಯಾನ್‌ಗಳೆಲ್ಲ ಒಟ್ಟಿಗೆ ಅಬ್ಬರಿಸಿದವು. ಅದು ಸಹಜ. ಗಾಳಿ ಮುಂದಿನಿಂದ ಬ್ಲೇಡ್‌ಗಳ ನಡುವೆ ಹಾದು ಹಿಂದಕ್ಕೆ ಹೋಗುವಂತೆ ಪೆಟ್ಟಿಗೆಯನ್ನು ಕಟ್ಟಿದ್ದಾರೆ. ಖಾನೆ ಬಾಯಿ ತೆರೆದರೆ ಫ್ಯಾನ್‌ಗಳು ಹತ್ತಿರದ ದಾರಿಯಿಂದಲೇ ಗಾಳಿ ಎಳೆದುಕೊಳ್ಳುತ್ತವೆ. ನನ್ನ ಕೈಯಲ್ಲಿದ್ದ ಚೀಟಿ ಹಾರಿ ಖಾನೆಯ ಬಾಯಿಗೆ ಹೋಗಿ ಅಂಟಿಕೊಂಡಿತು. ಸರಕ್ಕನೆ ಹಿಡಿದು ಮುಚ್ಚಳ ಹಾಕಿದೆ. ಮಾಡ್ಯೂಲ್ ಕೈಯಲ್ಲಿ ಸಿದ್ಧವಾಗುವ ತನಕ ಮತ್ತೆ ತೆಗೆಯುವುದಿಲ್ಲ.

"ಅಬ್ಬಾ, ಅಜ್ಜಿಗೆ ಸಿಟ್ಟು ಬಂತು," ಎಂದರು ದೋನ್ ಗ್ವಾಲ್ಬೆರ್ತೊ.

"ಅದು ಪೆಟ್ಟಿಗೆ. ಅದಕ್ಕೆ ಹೆಸರಿಲ್ಲ."

"ಕೂತಲ್ಲೇ ಕೂತು ಇಡೀ ಮನೆ ನಡೆಸ್ತಾಳೆ, ಸುಮ್ಮಸುಮ್ನೆ ಗೊಣಗ್ತಾಳೆ, ಯಾರಾದ್ರೂ ಬಾಗಿಲು ತೆರೆದಿಟ್ರೆ ಮೈ ಬಿಸಿ ಮಾಡ್ಕೋತಾಳೆ. ಅಜ್ಜಿ ಅಲ್ದೆ ಇನ್ಯಾರು ಇಂಜಿನಿಯರಮ್ಮ? ನೀವೀಗ ಅವಳಿಗೆ ಎರಡು ಹೊಸ ಹಲ್ಲು ಕಟ್ಟಿಸ್ತಿದೀರ. ಅಂದ್ಹಾಗೆ, ಹಲ್ಲಿಗೆ ಚಾಲ್ಯ ಯಾವತ್ತು?"

ಇದು ಬಂದೇ ಬರುತ್ತದೆಂದು ಗೊತ್ತಿತ್ತು. ಈ ಒರೂರೊ ಊರಿನಲ್ಲಿ ಹೊಸ ಬಸ್ಸು ಬಂದರೆ ಚಾಲ್ಯ, ಹೊಸ ಬಾಯ್ಲರ್ ಬಂದರೆ ಚಾಲ್ಯ. ಕಾರ್ನಿವಲ್ ವಾರದಲ್ಲಂತೂ ಹಳೆಯದಕ್ಕೂ ಚಾಲ್ಯ. ನಾಲ್ಕು ಮೂಲೆಗೆ ಬಿಯರ್ ಚಿಮುಕಿಸಿ, ಭೂತಾಯಿಗೆ ಮೊದಲ ಗುಟುಕು ನೆಲಕ್ಕೆ ಬಿಟ್ಟು, ಮೇಲೆ ಕಾಗದದ ಮಾಲೆ ಹಾಕಿ, ಹಿಡಿ ಹಿಡಿಯಾಗಿ ಬಣ್ಣದ ಕಾಗದದ ಚುಕ್ಕಿ ಎರಚುವುದು. ಕಳೆದ ವರ್ಷ ಎರಡನೇ ಮಹಡಿಯ ಪ್ರಿಂಟರ್‌ಗೆ ಮಾಡಿದರು. ಅದು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ತನಕ ಚುಕ್ಕಿ ಉಗುಳುತ್ತಿತ್ತು. ನಾನು ಬೆಳೆದ ಸುಕ್ರೆ ಊರಿನ ನಮ್ಮ ಮನೆಯಲ್ಲಿ ಇದೆಲ್ಲ ಇರಲಿಲ್ಲ. ಅಪ್ಪನಿಗೆ ಬೈಬಲ್ ಬಿಟ್ಟರೆ ಬೇರೇನೂ ಸಲ್ಲದು. ನನಗೆ ಬೈಬಲ್‌ನ ಜಾಗದಲ್ಲಿ ಕೈಪಿಡಿ, ಅಷ್ಟೇ ವ್ಯತ್ಯಾಸ.

"ಈ ಕೋಣೆಯೊಳಗೆ ಚಾಲ್ಯ ಇಲ್ಲ," ಎಂದೆ.

"ಹೊಸ ಹಲ್ಲಿಗೆ ಚಾಲ್ಯ ಇಲ್ದೇನೇ? ಭೂತಾಯಿ ಏನಂದ್ಕೊಳ್ಳಲ್ಲ ಹೇಳಿ!"

"ಭೂತಾಯಿಗೆ ಕೈಪಿಡಿ ಕಳಿಸಿಕೊಡ್ತೀನಿ."

ಅವರು ನಕ್ಕ ಸದ್ದಿಗೆ ಕಾರಿಡಾರಿನಲ್ಲಿ ಯಾರೋ ಬಾಗಿಲು ತೆರೆದು ನೋಡಿದರು. ನಾನು ತಮಾಷೆ ಮಾಡಿರಲಿಲ್ಲ. ಸಂಜೆ ದಪ್ಪ ಅಕ್ಷರದಲ್ಲಿ ಬಾಗಿಲಿಗೆ ಅಂಟಿಸಿದೆ: ಈ ಬಾಗಿಲಿನ ಒಳಗೆ ಚಾಲ್ಯ ಇಲ್ಲ. ಬಿಯರ್ ಇಲ್ಲ. ಕಾಗದದ ಚುಕ್ಕಿ ಇಲ್ಲ.

ಫೆಬ್ರವರಿ 7, ಮಂಗಳವಾರ

ಮೊದಲ ಬ್ಲೇಡ್ ಆಯಿತು.

ಮಾಡ್ಯೂಲ್ ಬರುವ ಮೊದಲು ಪ್ರತಿ ಬ್ಲೇಡಿನೊಳಗೂ ಒಂದು ಸಣ್ಣ ಕಾರ್ಡ್ ಕೂರಿಸಬೇಕು. ಕಾರ್ಡ್ ಯಾವ ಗೂಡಿನಲ್ಲಿ ಕೂರುತ್ತದೋ ಅದಕ್ಕೆ ತಕ್ಕ ಹಿಂಬದಿಯ ಖಾನೆಯೊಂದಿಗೆ ಮಾತ್ರ ಅದು ಮಾತಾಡುತ್ತದೆ. ತಪ್ಪು ಗೂಡಿನಲ್ಲಿ ಕೂರಿಸಿದರೆ ಗೋಡೆಯ ಕಡೆ ತಿರುಗಿ ಮಾತಾಡಿದಂತೆ. ಇದಕ್ಕೆ ಪೆಟ್ಟಿಗೆ ನಿಲ್ಲಿಸಬೇಕಿಲ್ಲ. ಒಂದು ಬ್ಲೇಡಿನ ಕೆಲಸವನ್ನೆಲ್ಲ ಉಳಿದ ಏಳಕ್ಕೆ ಹಂಚಿ, ಅದನ್ನು ಖಾಲಿ ಮಾಡಿ, ಹೊರಗೆಳೆದು, ಕಾರ್ಡ್ ಹಾಕಿ, ಮತ್ತೆ ಒಳಗೆ ತಳ್ಳುವುದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಸ್ಪತ್ರೆ ಸ್ವಲ್ಪ ತೂಕಡಿಸುತ್ತದೆ. ಆಗ ಮಾಡುತ್ತೇನೆ.

ಬ್ಲೇಡ್ ಹೊರಗಿದ್ದಾಗ ಫೋನ್ ಬಂತು. ನೋಂದಣಿ ಕೌಂಟರಿನ ದೋನ್ಯಾ ಕಸಿಮಿರಾ; ಹಿರಿಯ ಹೆಂಗಸರನ್ನು ಇಲ್ಲಿ ಮರ್ಯಾದೆಗೆ ದೋನ್ಯಾ ಎನ್ನುತ್ತಾರೆ, ಗಂಡಸರನ್ನು ದೋನ್. ಆಸ್ಪತ್ರೆಗೆ ಬಂದ ಪ್ರತಿಯೊಬ್ಬರೂ ಮೊದಲು ಅವರ ಗಾಜಿನ ಕಿಟಕಿಯ ಮುಂದೆ ನಿಲ್ಲಬೇಕು. ನಿರ್ದೇಶಕರೂ ಅವರಿಗೆ ಹೆದರುತ್ತಾರೆ.

"ದೆಲ್ಫಿನಾ, ಮಗಳೇ, ನಿಂತ್ಹೋಯ್ತಾ?"

"ಇಲ್ಲ. ನಿಲ್ಲೋದಿಲ್ಲ."

"ಅಯ್ಯೋ. ನಿಲ್ಲುತ್ತೆ ಅಂತ ಗ್ವಾಲ್ಬೆರ್ತೊ ಹೇಳಿದ್ದ. ಆಪಿ ಕುಡ್ಕೊಂಡು ಬರೋಣ ಅಂತ ಶಾಲು ಹೊದ್ಕೊಂಡು ಕೂತಿದೀನಿ. ಇಲ್ಲಿ ಜನ ಬರ್ತಾನೇ ಇದಾರೆ, ಇದು ಓಡ್ತಾನೇ ಇದೆ!"

"ಕ್ಷಮಿಸಿ."

"ಇರ್ಲಿ ಬಿಡು. ನೀನು ಊಟ ಮಾಡ್ದ್ಯಾ?"

ಮಾಡಿರಲಿಲ್ಲ. ಮಾಡಿದೆ ಎಂದೆ. ಅರ್ಧ ಗಂಟೆಯಲ್ಲಿ ಜೋಳದ ಬಿಸಿ ಪಾನಕ ಆಪಿಯ ಲೋಟ, ಮೇಲೊಂದು ಗಿಣ್ಣು ತುಂಬಿದ ಕರಿದ ರೊಟ್ಟಿ ಬಾಗಿಲಿಗೆ ಬಂದವು. ಕೋಣೆಯೊಳಗೆ ತಿನ್ನುವಂತಿಲ್ಲ. ಕಾರಿಡಾರಿನಲ್ಲಿ ನಿಂತು ತಿಂದೆ.

ಫೆಬ್ರವರಿ 10, ಶುಕ್ರವಾರ

ನಾಲ್ಕು ಬ್ಲೇಡ್ ಮುಗಿದವು. ಆಸ್ಪತ್ರೆಗೆ ಗೊತ್ತೇ ಆಗಲಿಲ್ಲ. ಕಸಿಮಿರಾ ಪ್ರತಿದಿನ ನಿರಾಸೆಯಿಂದ ಫೋನ್ ಮಾಡುತ್ತಾರೆ, ಪ್ರತಿದಿನ ಏನಾದರೂ ಕಳಿಸುತ್ತಾರೆ.

ಫೆಬ್ರವರಿ 11, ಶನಿವಾರ

ಮಾಡ್ಯೂಲ್‌ಗಳು ಲಾ ಪಾಸ್ ನಗರದಿಂದ ಬಸ್ಸಿನಲ್ಲಿ ಬಂದವು. ತರಲು ನಿಲ್ದಾಣಕ್ಕೆ ನಾನೇ ಹೋಗಬೇಕಾಯಿತು. ಕಾರ್ನಿವಲ್‌ಗೆ ಮುಂಚಿನ ಶನಿವಾರ ಒರೂರೊದ ಬೀದಿಯಲ್ಲಿ ಒಣ ಬಟ್ಟೆಯಲ್ಲಿ ನಡೆಯುವವಳು ತಾನಾಗಿ ಗುರಿಯಾದಂತೆ. ಮಹಡಿಗಳಿಂದ ನೀರಿನ ಬಲೂನು, ಮೂಲೆಮೂಲೆಯಲ್ಲಿ ನೊರೆಯ ಡಬ್ಬಿ ಹಿಡಿದವರು. ಜೊತೆಗೆ ಬರುತ್ತೇನೆಂದು ಗ್ವಾಲ್ಬೆರ್ತೊ ಹಟ ಹಿಡಿದರು. ಬೇಡ ಎನ್ನುವಷ್ಟು ಮೂರ್ಖಳಲ್ಲ ನಾನು.

ಡಬ್ಬವನ್ನು ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನನ್ನ ಜಾಕೆಟ್ಟಿನೊಳಗೆ ಎದೆಗೆ ಅವಚಿ ಹಿಡಿದೆ. ಇದು ಸರ್ವರ್ ಕೋಣೆಯಲ್ಲಿ ನಾನು ಯಾವಾಗಲೂ ತೊಡುವ ದಪ್ಪ ಜಾಕೆಟ್. ಒಳಗೆ ಅಷ್ಟು ಚಳಿ. ದೊಡ್ಡ ಹುಡ್ ಇದೆ. ಗ್ವಾಲ್ಬೆರ್ತೊ ನನ್ನ ಮುಂದೆ ಎರಡೂ ಕೈ ಚಾಚಿ ನಡೆದರು.

"ಹೊಡೀಬೇಡ್ರೋ! ಹೊಟ್ಟೇಲಿ ಮಗು ಇದೆ!" ಎಂದು ಕೂಗಿದರು.

ಬೀದಿಯವರೆಲ್ಲ ನನ್ನ ಉಬ್ಬಿದ ಜಾಕೆಟ್ ನೋಡಿ ದಾರಿ ಬಿಟ್ಟರು. ಒಬ್ಬ ಮುದುಕಿ ಶಿಲುಬೆಯ ಗುರುತು ಹಾಕಿ ಹರಸಿದಳು. "ಎಷ್ಟು ತಿಂಗಳು?" ಎಂದು ಕೇಳಿದಳು.

"ಅವಳಿ," ಎಂದುಬಿಟ್ಟೆ.

ಗ್ವಾಲ್ಬೆರ್ತೊ ಪಕ್ಕದ ಗೋಡೆಗೆ ಒರಗಿ ನಗುತ್ತ ನಿಂತರು. ಆಗ ಮೇಲಿನಿಂದ ಬಿದ್ದ ಬಲೂನು ನೇರ ಅವರ ತಲೆಗೇ ಬಿತ್ತು. ಅವರಿಗೆ ಸರಿಯಾಯಿತು. ಮಾಡ್ಯೂಲ್‌ಗಳಿಗೆ ಒಂದು ಹನಿಯೂ ತಾಗಿಲ್ಲ. ಆಸ್ಪತ್ರೆಯಲ್ಲಿ ಅಜ್ಜಿಯ ಪಕ್ಕದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಫೆಬ್ರವರಿ 14, ಮಂಗಳವಾರ

ಎಂಟನೇ ಬ್ಲೇಡ್ ಮುಗಿಯಿತು. ಕಾರ್ಡ್‌ಗಳೆಲ್ಲ ಸರಿಯಾದ ಗೂಡಿನಲ್ಲಿವೆ. ಇನ್ನೊಮ್ಮೆ ನೋಡಿದೆ. ಇವೆ.

ಫೆಬ್ರವರಿ 15, ಬುಧವಾರ

ಮೊದಲ ಹಲ್ಲು ಕೂತಿತು. ಮೂರನೇ ಖಾನೆಯ ಮುಚ್ಚಳ ತೆಗೆದು, ಅಜ್ಜಿ ಗದರುವಷ್ಟರಲ್ಲಿ ಮಾಡ್ಯೂಲ್ ಒಳಗೆ ತಳ್ಳಿ, ಚಿಲಕ ಮಡಚಿದೆ. ದೀಪ ಸ್ವಲ್ಪ ಹೊತ್ತು ಹಳದಿ, ಆಮೇಲೆ ಹಸಿರು. ಗ್ವಾಲ್ಬೆರ್ತೊ ಟೋಪಿ ತೆಗೆದು ಎದೆಗಿಟ್ಟುಕೊಂಡರು.

ಸಂಜೆ ನಿರ್ದೇಶಕರು ಇಣುಕಿದರು. "ಒಂದು ಓಡ್ತಿದೆಯಲ್ಲ? ಸಾಕಲ್ವಾ? ಚಿತ್ರಗಳನ್ನ ಅದರ ಮೇಲೇ ಬಿಟ್ಟುಬಿಡಿ."

ಸಾಲದು. ಒಂದರ ಮೇಲೆ ಬಿಟ್ಟು, ಶನಿವಾರ ಅದೊಂದು ಕೈಕೊಟ್ಟರೆ, ಚಿತ್ರಗಳು ತೆವಳುವುದೂ ಇಲ್ಲ, ನಿಂತೇ ಹೋಗುತ್ತವೆ. ಜೋಡಿ ಇದ್ದರೆ ಒಂದು ಬಿದ್ದಾಗ ಇನ್ನೊಂದು ಹೊರುತ್ತದೆ. ಮೊದಲನೆಯದು ಒಂದು ಇಡೀ ದಿನ ತಂಟೆಯಿಲ್ಲದೆ ಓಡಿದ ಮೇಲೆ, ಅಂದರೆ ಶುಕ್ರವಾರ ಬೆಳಿಗ್ಗೆ, ಎರಡನೆಯದು. ಆಗದಿದ್ದರೆ ಎಲ್ಲವೂ ಹಳೆಯ ದಾರಿಯಲ್ಲೇ ಹೋಗುತ್ತದೆ, ಡಾಕ್ಟರ್ ಮಿರ್ತಾ ಮೆಟ್ಟಿಲಿಳಿಯುತ್ತಾರೆ. ಇದನ್ನೆಲ್ಲ ಹೇಳಿದೆ.

"ಶುಕ್ರವಾರ ಹನ್ನೆರಡು ಗಂಟೆ," ಎಂದರು ನಿರ್ದೇಶಕರು. "ಹನ್ನೆರಡೂ ಒಂದು ನಿಮಿಷ ಅಲ್ಲ."

ಹೊರಡುವಾಗ ಕಸಿಮಿರಾ ಗಾಜಿನ ಕಿಟಕಿ ಬಡಿದು ಕರೆದರು. ನಾಳೆ ಕೋಮಾದ್ರೆಗಳ ಗುರುವಾರ. ಊರಿನ ಹೆಂಗಸರೆಲ್ಲ ಸೇರಿ ಕುಣಿದು, ಒಬ್ಬರನ್ನೊಬ್ಬರು ಕೋಮಾದ್ರೆ ಎಂದು ಒಪ್ಪಿಕೊಳ್ಳುವ ದಿನ, ರಕ್ತ ಹಂಚಿಕೊಳ್ಳದ ಅಕ್ಕತಂಗಿಯರಂತೆ. ಆಸ್ಪತ್ರೆಯ ಹೆಂಗಸರ ಕೂಟ ಅವರ ಮನೆಯಲ್ಲಿ.

"ನನಗೆ ಶುಕ್ರವಾರ ಕೆಲಸ ಇದೆ ದೋನ್ಯಾ ಕಸಿಮಿರಾ."

"ನಾಳೆ ಗುರುವಾರ ಅಲ್ವೇನೇ? ಕ್ಯಾಲೆಂಡರ್ ನಿನ್ನ ಕೈಪಿಡೀಲಿ ಇಲ್ವಾ?"

ಐದು ನಿಮಿಷ ಬರುತ್ತೇನೆ ಎಂದೆ.

ಫೆಬ್ರವರಿ 16, ಗುರುವಾರ

ಹೋಗಿದ್ದೆ. ಒಂದು ಲೋಟ ಹಣ್ಣಿನ ರಸ ಕುಡಿದು ಬಂದೆ.

ಎರಡನೇ ಲೋಟದಲ್ಲಿ ಹಣ್ಣಿನ ರಸದ ಜೊತೆ ಇನ್ನೇನೋ ಇತ್ತು ಎಂದು ಈಗ ಅನ್ನಿಸುತ್ತಿದೆ. ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರು. ಗಂಡಸರಿಗೆ ಪ್ರವೇಶವಿಲ್ಲ. ಕಸಿಮಿರಾ ಅವರ ಗಂಡ ಪಕ್ಕದ ಮನೆಯ ಗೋಡೆಯ ಮೇಲಿನಿಂದ ತನ್ನ ಊಟಕ್ಕಾಗಿ ತಟ್ಟೆ ಚಾಚುತ್ತಿದ್ದ. ಡಾಕ್ಟರ್ ಮಿರ್ತಾ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತೇ ಕುಣಿದರು. ನಾನು ಕುಣಿಯುವುದಿಲ್ಲ ಎಂದು ಹೇಳಿದೆ. ಅದನ್ನು ಕುಣಿಯುತ್ತಲೇ ಹೇಳುತ್ತಿದ್ದೆ ಎಂದು ಆಮೇಲೆ ಮಿರ್ತಾ ಹೇಳಿದರು. ನನಗೆ ಹಾಗೆ ನೆನಪಿಲ್ಲ.

ಕಸಿಮಿರಾ ನನ್ನ ಕೊರಳಿಗೆ ಕಾಗದದ ಮಾಲೆ ಹಾಕಿ, ಎರಡೂ ಕೈ ತುಂಬ ಬಣ್ಣದ ಚುಕ್ಕಿ ತೆಗೆದು ನೆತ್ತಿಗೆ ತಿಕ್ಕಿದರು. "ಇವತ್ತಿಂದ ನೀನು ನನ್ನ ಕೋಮಾದ್ರೆ. ದೋನ್ಯಾಗೀನ್ಯಾ ಅಂತ ಕರೆದ್ರೆ ಮಾತಾಡ್ಸಲ್ಲ, ತಿಳೀತಾ?"

ಮನೆಗೆ ಬಂದಾಗ ಬೀದಿದೀಪ ಹೊತ್ತಿತ್ತು. ತಲೆಗೆ ಎರಡು ಸಲ ಸ್ನಾನ ಮಾಡಿದೆ. ಬಟ್ಟೆ ಬದಲಿಸಿದೆ. ಬೂಟು ತಟ್ಟಿದೆ. ಬಚ್ಚಲಿನ ಜಾಲರಿಯಲ್ಲಿ ನಿಂತ ಚುಕ್ಕಿಗಳನ್ನೆಲ್ಲ ಹೆಕ್ಕಿ ಎಸೆದೆ. ನಾಳೆ ಕೋಣೆಗೆ ಒಂದು ಚುಕ್ಕಿಯೂ ಹೋಗಬಾರದು.

ಫೆಬ್ರವರಿ 17, ಶುಕ್ರವಾರ

ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಇಂದು ಕಚೇರಿಗಳ ಚಾಲ್ಯ. ಬೆಳಿಗ್ಗೆಯೇ ಆಸ್ಪತ್ರೆಯ ಮೆಟ್ಟಿಲು, ಕಿಟಕಿ, ಗಾಲಿಕುರ್ಚಿ ಎಲ್ಲದಕ್ಕೂ ಕಾಗದದ ಮಾಲೆ ಬಿದ್ದಿತ್ತು. ನೆಲದ ಮೇಲೆ ಚುಕ್ಕಿಗಳ ಹಾಸು. ನಾನು ಸರ್ವರ್ ಕೋಣೆಯ ಬಾಗಿಲಲ್ಲಿ ಗಡಿ ಕಾಯುವವಳಂತೆ ನಿಂತೆ. ಒಳಗೆ ಬರಬೇಕಾದವರು ಇಬ್ಬರೇ: ವಿದ್ಯುತ್ ನೋಡಲು ಗ್ವಾಲ್ಬೆರ್ತೊ, ಚಿತ್ರ ಬಂತೇ ಎಂದು ಪರೀಕ್ಷಿಸಲು ಮಿರ್ತಾ. ಗ್ವಾಲ್ಬೆರ್ತೊ ಜೇಬು ಹೊರಗೆ ಎಳೆದು ತೋರಿಸಬೇಕಾಯಿತು. ಟೋಪಿ ಕೊಡವಬೇಕಾಯಿತು.

"ಪ್ಯಾಂಟೂ ಬಿಚ್ಚಲಾ ಇಂಜಿನಿಯರಮ್ಮ?"

"ಕಾಲಿನ ಮಡಿಕೆ ಮಾತ್ರ ಬಿಡಿಸಿ ಕೊಡವಿ."

ಕೊಡವಿದರು. ಒಂದು ಹಿಡಿ ಬಿತ್ತು. ಮಿರ್ತಾ ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ ನಿಂತರು. ಕಸಿಮಿರಾ ಅವರನ್ನು ಒಳಗೆ ಬಿಡಲಿಲ್ಲ. ಬಿಯರ್ ಬಾಟಲಿ ಹಿಡಿದು ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕೂತರು, ಹೊರಗಿನಿಂದಲೇ ಆಶೀರ್ವಾದ ಕೊಡುತ್ತೇನೆಂದು.

ನಾನು ತೊಟ್ಟಿದ್ದ ಜಾಕೆಟ್ಟಿನ ಗುಂಡಿ ಹಾಕಿಕೊಂಡು ಅಜ್ಜಿಯ ಹಿಂದೆ ಹೋದೆ. ನಾಲ್ಕನೇ ಖಾನೆಯ ಮುಚ್ಚಳ ತೆಗೆದೆ. ಫ್ಯಾನ್‌ಗಳು ಅಬ್ಬರಿಸಿದವು. ಬಗ್ಗಿ ಟಾರ್ಚ್ ಹಿಡಿದು ಒಳಗೆ ನೋಡಿದೆ. ಸ್ವಚ್ಛ. ಕೆಳಗಿಟ್ಟಿದ್ದ ಮಾಡ್ಯೂಲ್ ಎತ್ತಿಕೊಂಡು ಒಳಗೆ ತಳ್ಳಿ, ಚಿಲಕ ಮಡಚಿದೆ.

ಹಳದಿ.

ಕಾದೆವು. ಹಳದಿಯೇ. ಹೊರತೆಗೆದು ಮತ್ತೆ ಹಾಕಿದೆ. ಹಳದಿ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು.

"ಹಲ್ಲು ಸರಿಯಾಗಿ ಕೂತಿಲ್ಲ," ಎಂದರು ಗ್ವಾಲ್ಬೆರ್ತೊ.

"ಚಾಲ್ಯ ಮಾಡಿದ್ರೆ ಕೂರ್ತಿತ್ತು," ಎಂದು ಬಾಗಿಲಿನಿಂದ ಕಸಿಮಿರಾ.

ಮಾಡ್ಯೂಲ್ ತೆಗೆದು ಟಾರ್ಚ್ ಹಾಕಿ ಇನ್ನೊಮ್ಮೆ, ನಿಧಾನವಾಗಿ, ಆಳದವರೆಗೆ ನೋಡಿದೆ. ಕೊನೆಯಲ್ಲಿ, ಮಾಡ್ಯೂಲ್‌ನ ಪಿನ್ನುಗಳು ಕಚ್ಚಿಕೊಳ್ಳುವ ಸಾಲಿನ ಮೇಲೆ, ಒಂದು ಚುಕ್ಕಿ. ಕಾಗದದ್ದು. ಗುಲಾಬಿ. ಎರಡು ಸಲ ಒತ್ತಿ ನಾನೇ ಅದನ್ನು ಸರಿಯಾಗಿ ಸಿಕ್ಕಿಸಿದ್ದೆ.

ಮುಚ್ಚಳ ಹಾಕಿ ತಿರುಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ದೋನ್ ಗ್ವಾಲ್ಬೆರ್ತೊ. ಕೈ ತೋರಿಸಿ."

"ಸೊಕವೋನ್ ಮಾತೆಯಾಣೆ ನಾನಲ್ಲ! ನಾಳೆ ಕುಣಿತ ಮುಗಿಸಿ ಇಗರ್ಜೀಲಿ ಅವಳ ಮುಂದೆ ಮಂಡಿಯೂರಿ ಹೋಗ್ಬೇಕು ನಾನು. ಇವತ್ತು ಸುಳ್ಳು ಹೇಳ್ತೀನಾ?"

"ಪ್ಯಾಂಟಿನ ಮಡಿಕೇಲಿತ್ತು."

"ಅದನ್ನ ಹೊರಗೇ ಕೊಡವಿದ್ನಲ್ಲ, ನಿಮ್ಮೆದುರಿಗೇ!"

"ಯಾವ ಬಣ್ಣ?" ಎಂದು ಕಸಿಮಿರಾ ಕೇಳಿದರು.

"ಗುಲಾಬಿ."

"ಬರೀ ಗುಲಾಬಿ?"

"ಒಂದೇ ಇರೋದು. ಗುಲಾಬಿ."

"ಗ್ವಾಲ್ಬೆರ್ತೊದು ಕಲಬೆರಕೆ. ಜಿಪುಣ, ಸಂತೇಲಿ ತೂಕಕ್ಕೆ ತರ್ತಾನೆ, ಅದ್ರಲ್ಲಿ ಹಸಿರು ಹಳದೀನೇ ಜಾಸ್ತಿ. ಬರೀ ಗುಲಾಬಿ ಪೊಟ್ಟಣ ನಾನು ತಂದಿದ್ದು, ಕೋಮಾದ್ರೆಗಳಿಗೆ ಅಂತ." ಅವರು ಕುರ್ಚಿಯಿಂದ ಎದ್ದರು. "ದೆಲ್ಫಿನಾ, ಇಲ್ಲಿ ಬಾ. ಹಿಂದೆ ತಿರುಗು."

ತಿರುಗಿದೆ. ಅವರು ಹೊಸ್ತಿಲಾಚೆಯಿಂದಲೇ ಕೈ ಚಾಚಿ, ನನ್ನ ಜಾಕೆಟ್ಟಿನ ಹುಡ್ ಹಿಡಿದು, ತಲೆಕೆಳಗು ಮಾಡಿದರು.

ಕಾರಿಡಾರಿನ ನೆಲದ ಮೇಲೆ ಗುಲಾಬಿ ರಾಶಿ ಬಿತ್ತು. ಒಂದು ಹಿಡಿಯಲ್ಲ, ಎರಡು ಹಿಡಿ.

"ನಿನ್ನೆ ನೀನು ಜಾಕೆಟ್ ಬಿಚ್ಚಲ್ಲ ಅಂತ ಹಟ ಮಾಡಿದ್ಯಲ್ಲ," ಎಂದರು. "ಉಳಿದದ್ದೆಲ್ಲ ಅದರಲ್ಲೇ ಸುರಿದೆ. ಮನೆಗೆ ಹೋಗಿ ಕೊಡವ್ತೀಯ ಅಂದ್ಕೊಂಡಿದ್ದೆ ಕಣೇ."

ತಲೆ ತೊಳೆದಿದ್ದೆ. ಬಟ್ಟೆ ಬದಲಿಸಿದ್ದೆ. ಬೂಟು ತಟ್ಟಿದ್ದೆ. ಜಾಕೆಟ್ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಅದನ್ನೇ ತೊಟ್ಟು ಬಂದಿದ್ದೆ. ಖಾನೆಯ ಮುಂದೆ ಬಗ್ಗಿದ್ದು ನಾನು. ಮಾಡ್ಯೂಲ್ ಎತ್ತಿಕೊಳ್ಳಲು ಇನ್ನಷ್ಟು ಬಗ್ಗಿದ್ದೂ ನಾನು. ಅಜ್ಜಿ ಉಸಿರೆಳೆದುಕೊಂಡಳು, ಅಷ್ಟೆ.

ಗ್ವಾಲ್ಬೆರ್ತೊ ತಮ್ಮ ಜೇಬುಗಳನ್ನು ಒಂದೊಂದಾಗಿ, ಬಹಳ ಸಾವಕಾಶವಾಗಿ ಒಳಗೆ ಸೇರಿಸಿಕೊಂಡರು.

"ಕ್ಷಮಿಸಿ ಗ್ವಾಲ್ಬೆರ್ತೊ," ಎಂದೆ.

"ಅದೆಲ್ಲ ಆಮೇಲೆ. ಗಡಿಯಾರ ನೋಡಿ ಮೊದ್ಲು."

ತೆಗೆಯುವುದು ಹೇಗೆ? ಅಲ್ಲಿ ವಿದ್ಯುತ್ ಹರಿಯುತ್ತಿದೆ. ಕಬ್ಬಿಣದ ಚಿಮುಟ ಹಾಕುವಂತಿಲ್ಲ. ಊದಿದರೆ ಇನ್ನೂ ಒಳಗೆ ಹೋಗುತ್ತದೆ. ಪೂರ್ತಿ ಆರಿಸಿದರೆ ಆಸ್ಪತ್ರೆಯೇ ನಿಲ್ಲುತ್ತದೆ. ಕೈಪಿಡಿಯಲ್ಲಿ ಕಾರ್ನಿವಲ್ ಬಗ್ಗೆ ಒಂದು ಸಾಲೂ ಇಲ್ಲ.

"ಗಾಯ ಕಟ್ಟೋ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಚಿಮುಟ ಇರುತ್ತಲ್ಲ," ಎಂದರು ಮಿರ್ತಾ. ಬರೀ ಕಾಲುಚೀಲದಲ್ಲೇ ಕುಂಟುತ್ತ ತುರ್ತು ವಿಭಾಗಕ್ಕೆ ಹೋಗಿ ಒಂದು ಪೊಟ್ಟಣ ತಂದು ಹರಿದರು. ನಾನು ಚಿಮುಟ ತೆಗೆದುಕೊಂಡೆ. ಹಿಡಿದದ್ದು ತಲೆಕೆಳಗಾಗಿ.

"ಕೊಡು ಇಲ್ಲಿ," ಎಂದರು. "ಹಳ್ಳಿ ಆಸ್ಪತ್ರೇಲಿ ಒಂದು ವರ್ಷ ಮಕ್ಕಳ ಮೂಗಿಂದ ಅವರೆಕಾಳು ತೆಗೆದಿದೀನಿ. ನಿನ್ನಜ್ಜಿ ಒದೆಯೋದಾದ್ರೂ ಇಲ್ಲ. ಎಲ್ಲಿ ಮುಟ್ಟಬಾರದು, ಅದಷ್ಟು ಹೇಳು."

ಹೇಳಿದೆ. ಜಾಕೆಟ್ ಬಿಚ್ಚಿ ಹೊರಗೆಸೆದು ಟಾರ್ಚ್ ಹಿಡಿದೆ. ಗ್ವಾಲ್ಬೆರ್ತೊ ಮುಚ್ಚಳ ಹಿಡಿದು ಸಿದ್ಧರಾಗಿ ನಿಂತರು. ಫ್ಯಾನ್‌ಗಳ ಅಬ್ಬರದಲ್ಲಿ ಮಿರ್ತಾ ತುಟಿ ಕಚ್ಚಿ ಚಿಮುಟ ಒಳಗಿಟ್ಟರು, ಎಳೆದರು. ಚುಕ್ಕಿಯ ಅರ್ಧ ಬಂತು. ಇನ್ನರ್ಧಕ್ಕೆ ಮತ್ತೆ ಹೋದರು. ಬಂತು. ಎರಡನ್ನೂ ಅಂಗೈಯಲ್ಲಿ ಜೋಡಿಸಿ ನೋಡಿದೆ. ಪೂರ್ತಿ ವೃತ್ತ. ಒಳಗೆ ಏನೂ ಉಳಿದಿಲ್ಲ.

ಮಾಡ್ಯೂಲ್ ಹಾಕಿದೆ. ಹಳದಿ. ಆಮೇಲೆ ಹಸಿರು.

ಕಸಿಮಿರಾ ಬಾಗಿಲಾಚೆ ಬಾಟಲಿಯ ಮುಚ್ಚಳ ಕಿತ್ತ ಸದ್ದು ಕೇಳಿತು. ಜೋಡಿಯನ್ನು ಒಂದಕ್ಕೊಂದು ಪರಿಚಯಿಸಿ, ಚಿತ್ರಗಳ ದಾರಿಯನ್ನು ಅದರ ಮೇಲೆ ತಿರುಗಿಸಿದೆ. ಒಂದನ್ನು ಬೇಕೆಂದೇ ಆರಿಸಿ ನೋಡಿದೆ. ಇನ್ನೊಂದು ಹೊತ್ತುಕೊಂಡಿತು. ಮತ್ತೆ ಹೊತ್ತಿಸಿದೆ. ನಿರ್ದೇಶಕರು ಗಡಿಯಾರ ನೋಡುತ್ತ ಮೆಟ್ಟಿಲಿಳಿದು ಬಂದಾಗ ನಾವು ನಾಲ್ವರೂ ಕಾರಿಡಾರಿನಲ್ಲಿ, ಗುಲಾಬಿ ಚುಕ್ಕಿಗಳ ಮೇಲೆ ನಿಂತು ಮಾಂಸದ ಕಡುಬು ಸಾಲ್ತೇನ್ಯಾ ತಿನ್ನುತ್ತಿದ್ದೆವು.

"ಆಯ್ತಾ?"

"ಆಯ್ತು ಸರ್."

"ತೊಂದ್ರೆ ಏನಾದ್ರೂ?"

ನಾನು ಬಾಯಿ ತೆರೆದೆ. ಹೇಳುವುದೇ ಸರಿ ಎಂದುಕೊಂಡಿದ್ದೆ.

"ಗಡಿ ತಪಾಸಣೆ ಸ್ವಲ್ಪ ಬಿಗಿ ಇತ್ತು ಸರ್," ಎಂದರು ಗ್ವಾಲ್ಬೆರ್ತೊ. "ನನ್ನ ಪ್ಯಾಂಟಿನ ಮಡಿಕೇನೂ ಬಿಡಿಸಿ ನೋಡಿದ್ರು."

ಆದರೂ ಹೇಳಿದೆ, ಪೂರ್ತಿ. ನಿರ್ದೇಶಕರು ಕೆಳಗೆ ನೆಲ ನೋಡಿದರು, ನನ್ನ ಜಾಕೆಟ್ ನೋಡಿದರು, ಬಾಗಿಲಿಗೆ ನಾನೇ ಅಂಟಿಸಿದ್ದ ಕಾಗದ ಓದಿದರು. ಕೆಮ್ಮುತ್ತ ಬೇಗ ಬೇಗ ಮೆಟ್ಟಿಲು ಹತ್ತಿ ಹೋದರು. ಅದು ಕೆಮ್ಮು ಎಂದೇ ಬರೆದುಕೊಳ್ಳುತ್ತೇನೆ.

ಫೆಬ್ರವರಿ 18, ಶನಿವಾರ

ಕಾರ್ನಿವಲ್. ಡ್ಯೂಟಿ.

ಮಧ್ಯಾಹ್ನ ಕರಡಿ ವೇಷದವನೊಬ್ಬ ಬಂದ. ವೇಷದೊಳಗೆ ಕಣ್ಣು ಕಾಣದೆ ದೀಪದ ಕಂಬಕ್ಕೆ ಹಾಯ್ದು, ಬಿದ್ದು, ಎಚ್ಚರ ತಪ್ಪಿತ್ತಂತೆ. ಕರಡಿಯ ತಲೆ ಕಂಕುಳಲ್ಲಿ ಹಿಡಿದು ಹೆಂಡತಿ ಅಳುತ್ತಿದ್ದಳು. ಮೇಲೆ ಸ್ಕ್ಯಾನ್ ಮುಗಿಯಿತು. ನಾನು ತುರ್ತು ವಿಭಾಗದ ಪರದೆಯ ಮುಂದೆ ನಿಂತಿದ್ದೆ. ಚಿತ್ರಗಳು ಬಂದವು, ಎಲ್ಲವೂ. ಅವನ ಸ್ಟ್ರೆಚರ್ ಇನ್ನೂ ಲಿಫ್ಟಿಗೆ ಕಾಯುತ್ತಿತ್ತು. ಒಳಗೆ ರಕ್ತ ಕಟ್ಟಿದ್ದು ಅಲ್ಲೇ ಕಂಡಿತು. ಅವನು ಕೆಳಗೆ ಬರುವಷ್ಟರಲ್ಲಿ ಶಸ್ತ್ರಚಿಕಿತ್ಸೆಯವರು ಕೈ ತೊಳೆಯುತ್ತಿದ್ದರು.

ಮಿರ್ತಾ ಮೇಲಿನಿಂದ ಫೋನ್ ಮಾಡಿದರು. "ನಾನೀಗ ಏನ್ ಮಾಡ್ತಿದೀನಿ ಹೇಳು? ಕಾಲು ಸ್ಟೂಲಿನ ಮೇಲಿಟ್ಟು ಕೂತಿದೀನಿ. ಎರಡೂ ಕಾಲು."

ಸಂಜೆ ಅವನು ಕಣ್ಣು ತೆರೆದನಂತೆ. ಮೊದಲು ಕೇಳಿದ್ದು ಕರಡಿಯ ತಲೆ ಎಲ್ಲಿ ಎಂದು.

ಡ್ಯೂಟಿ ಮುಗಿಸಿ ಮೆರವಣಿಗೆಯ ಬೀದಿಗೆ ಹೋದೆ. ಗ್ವಾಲ್ಬೆರ್ತೊ ಬೆಳ್ಳಿಬಣ್ಣದ ಪೀಪಾಯಿಯಂಥ ವೇಷದಲ್ಲಿ ಬೆವರಿಳಿಸುತ್ತ ಹಾದುಹೋದರು. ನನ್ನನ್ನು ನೋಡಿ ಗಿಲಕಿ ಎತ್ತಿದರು. ಕೂಗಿದೆ. ಗಂಟಲು ಕಟ್ಟಿದೆ.

ಫೆಬ್ರವರಿ 21, ಮಂಗಳವಾರ

ಮನೆಮನೆಯ ಚಾಲ್ಯದ ದಿನ. ರಜೆ. ದೀಪಗಳನ್ನು ನೋಡಿಕೊಂಡು ಬರೋಣವೆಂದು ಹೋದೆ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

ಬಾಗಿಲಿಗೆ ನಾನು ಅಂಟಿಸಿದ್ದ ಕಾಗದ ಹಾಗೆಯೇ ಇದೆ. ಕೆಳಗೆ ಬೇರೆ ಅಕ್ಷರದಲ್ಲಿ ಇನ್ನೊಂದು ಸಾಲು: ಜಾಕೆಟ್ ಇಲ್ಲ. ಪಕ್ಕದಲ್ಲಿ ಗೋಡೆಗೆ ಹೊಸದಾಗಿ ಹೊಡೆದ ಹಿತ್ತಾಳೆ ಕೊಕ್ಕೆ, ಸರಿಯಾಗಿ ನನ್ನ ಭುಜದ ಎತ್ತರಕ್ಕೆ. ಅದಕ್ಕೂ ಒಂದು ಕಾಗದದ ಮಾಲೆ ಹಾಕಿದ್ದರು. ಜಾಕೆಟ್ ನೇತುಹಾಕಿ ಒಳಗೆ ಹೋದೆ. ಚಳಿ ಇತ್ತು. ಅಜ್ಜಿ ಚೆನ್ನಾಗಿದ್ದಾಳೆ. ಎರಡೂ ಹಲ್ಲು ಹಸಿರು. ತಂಟೆಯ ದಾಖಲೆ ಒಂದೂ ಇಲ್ಲ. ಎಂಟೂ ಬ್ಲೇಡ್‌ಗಳ ದೀಪವನ್ನು ಒಂದೊಂದಾಗಿ ಎಣಿಸಿದೆ.

ಹೊರಬಂದು ಬಾಗಿಲಿಗೆ ಬೀಗ ಹಾಕಿದೆ. ಕಸಿಮಿರಾ ಶುಕ್ರವಾರ ಬಿಟ್ಟುಹೋಗಿದ್ದ ಬಾಟಲಿ ಮೂಲೆಯಲ್ಲಿತ್ತು. ತಳದಲ್ಲಿ ಒಂದು ಗುಟುಕು ಉಳಿದಿತ್ತು. ಹೊಸ್ತಿಲಿನ ಈಚೆಗೆ, ನೆಲದ ಮೇಲೆ ಬಿಟ್ಟೆ. ಸುಮ್ಮನೆ ಚೆಲ್ಲುವುದಕ್ಕಿಂತ ಅದು ಮೇಲು.

ಮಧ್ಯಾಹ್ನದ ಊಟಕ್ಕೆ ಕಸಿಮಿರಾ ಅವರ ಮನೆಗೆ ಬರಬೇಕೆಂದು ಕಟ್ಟಪ್ಪಣೆಯಾಗಿತ್ತು. ಆಗಲೇ ತಡವಾಗಿತ್ತು. ಜಾಕೆಟ್ ತೊಟ್ಟು ಬೀದಿಗಿಳಿದೆ. ಗಾಳಿ ಕೊರೆಯುತ್ತಿತ್ತು. ಹುಡ್ ಎತ್ತಿ ತಲೆಗೆ ಹಾಕಿಕೊಂಡೆ.

ಕಣ್ಣು, ಮೂಗು, ಕೊರಳ ಪಟ್ಟಿಯೊಳಗೆಲ್ಲ ಗುಲಾಬಿ ಚುಕ್ಕಿಗಳು ಸುರಿದವು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ತಪ್ಪಿರಬೇಕು.

ಅವರ ಮನೆ ತಲುಪುವವರೆಗೆ ಕೊಡವಲಿಲ್ಲ. ನಾನು ಹೊರಗೆ ಇದ್ದೆ. ನಿಯಮ ಬಾಗಿಲಿನ ಒಳಗೆ ಮಾತ್ರ.